14ನೇ ಪುಟದಲ್ಲಿ ಮಳೆ

ಕಾಲೇಜಿನ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ನಮ್ಮ ಮನಃಶಾಸ್ತ್ರ ವಿಭಾಗದ ಕಬ್ಬಿಣದ ಬೀರು. ಹಸಿರು ಬಣ್ಣದ್ದು. ಬಾಗಿಲು ತೆಗೆದರೆ ಕಾರಿಡಾರಿನ ತುದಿವರೆಗೂ ಸದ್ದು ಕೇಳುತ್ತಿತ್ತು. ನಮ್ಮ ಇಡೀ ಪ್ರಯೋಗಾಲಯ ಅದರೊಳಗೇ ಇತ್ತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಹಲಗೆ. ಬಾಣದ ತುದಿ ಒಳಗೆ ಹೊರಗೆ ಮಾಡಿ ಕಣ್ಣಿಗೆ ಮೋಸ ಮಾಡುವ ಮ್ಯುಲ್ಲರ್-ಲಯರ್ ಪಟ್ಟಿ. ಭಾಟಿಯಾ ಬುದ್ಧಿಪರೀಕ್ಷೆಯ ಪೆಟ್ಟಿಗೆ, ಅದರಲ್ಲಿ ಬಣ್ಣದ ಮರದ ತುಂಡುಗಳು. ಎರಡು ಸ್ಟಾಪ್‌ವಾಚ್. ಒಂದು ಓಡುತ್ತಿತ್ತು, ಇನ್ನೊಂದು ಆಗಾಗ ನಿಲ್ಲುತ್ತಿತ್ತು.

ಸೈಕಾಲಜಿ ತಗೊಂಡಿದ್ದೇನೆ ಅಂದರೆ ಮನೆಗೆ ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ." ಮೊದಲ ತರಗತಿಯಲ್ಲಿ ಮೇಡಂ ಇದನ್ನೇ ಹೇಳಿದರು. "ಎಲ್ಲರೂ ಹಾಗೆ ಕೇಳ್ತಾರೆ ಕಣ್ರಮ್ಮ. ಗೊತ್ತಿಲ್ಲ, ಅಳತೆ ಮಾಡಿ ಹೇಳ್ತೀನಿ ಅನ್ನಿ." ಆಮೇಲೆ ಮೈಸೂರಿನ ಕಥೆ ಹೇಳಿದರು. 1916ರಲ್ಲಿ ಕಲ್ಕತ್ತಾದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಅವರೇ. ಅದಕ್ಕೆ 'ಆಕಾಶವಾಣಿ' ಅನ್ನೋ ಹೆಸರು ಬಂದದ್ದು ಅಲ್ಲಿಯೇ. ನಾವು ದಿನಾ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರು. ಆ ಹೆಸರಿನ ಹಿಂದೆ ಒಬ್ಬ ಮನಃಶಾಸ್ತ್ರದ ಮೇಷ್ಟ್ರು ಇದ್ದರು ಅಂತ ತಿಳಿದು ಅವತ್ತು ನನಗೆ ಆದ ಖುಷಿ ಇನ್ನೂ ಹಾಗೇ ಇದೆ.

ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರತಿ ವಿಭಾಗಕ್ಕೂ ಒಂದು ಬಹುಮಾನ ಇರುತ್ತಿತ್ತು. ಜಾಸ್ತಿ ಅಂಕ ತೆಗೆದವರಿಗೆ. ನಾವು ಕೊನೆಯ ವರ್ಷದಲ್ಲಿದ್ದಾಗ ಮೇಡಂ ತಮ್ಮ ಕೈಯಿಂದ ಇನ್ನೊಂದು ಬಹುಮಾನ ಸೇರಿಸಿದರು. ಕೊನೆಯ ವರ್ಷದವರು ಮಾಡುವ ಕಿರು ಸಂಶೋಧನೆಗೆ. ಆ ವರ್ಷ ಅಂಕದ ಬಹುಮಾನ ನನಗೆ ಬಂತು. ಸಂಶೋಧನೆಯದ್ದು ನನ್ನ ಹಾಸ್ಟೆಲ್ ಗೆಳತಿಗೆ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಗಾಗಿ ಗೆಳತಿ ಅಂತಲೇ ಬರೆಯುತ್ತೇನೆ. ಈ ಬರಹ ಅವಳ ಬಹುಮಾನದ ಬಗ್ಗೆ.

ಅವಳು ಹೊಸನಗರ ತಾಲ್ಲೂಕಿನವಳು. ಮನೆಯಲ್ಲಿ ಒಂದಿಷ್ಟು ಅಡಿಕೆ ತೋಟ. ಅವಳ ಮನೆಯಲ್ಲಿ ಡಿಗ್ರಿಗೆ ಬಂದವರಲ್ಲಿ ಅವಳೇ ಮೊದಲು. ಮಾತು ಕಡಿಮೆ. ಆದರೆ ಒಂದು ಸಂಗತಿ ತಲೆಗೆ ಹೊಕ್ಕರೆ ಬಿಡುವವಳಲ್ಲ.

ಒಂದು ದಿನ ಮೇಡಂ ನೆನಪಿನ ಪಾಠ ಮಾಡುತ್ತಿದ್ದರು. ಅಮೆರಿಕದ ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು, ಮನುಷ್ಯ ಒಂದು ಸಲಕ್ಕೆ ಸುಮಾರು ಏಳು ಸಂಗತಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಅನ್ನೋದು. ಅದು ಎಲ್ಲರಿಗೂ ಗೊತ್ತಿತ್ತು, ಗೈಡಿನಲ್ಲೇ ಇತ್ತು. ಗೈಡಿನಲ್ಲಿ ಇಲ್ಲದ್ದನ್ನು ಮೇಡಂ ಆಮೇಲೆ ಹೇಳಿದರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ವೆಲ್ಷ್ ಮಾತನಾಡುವ ಮಕ್ಕಳು ಅಂಕಿ ನೆನಪಿಡುವ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಿದ್ದರು. 1980ರಲ್ಲಿ ಎಲಿಸ್ ಮತ್ತು ಹೆನೆಲಿ ಅನ್ನೋ ಇಬ್ಬರು ಇದಕ್ಕೆ ಕಾರಣ ಹುಡುಕಿದರು. ವೆಲ್ಷ್ ಅಂಕಿಗಳನ್ನು ಹೇಳಲು ಇಂಗ್ಲಿಷ್ ಅಂಕಿಗಳಿಗಿಂತ ಜಾಸ್ತಿ ಹೊತ್ತು ಬೇಕು. ನಾವು ಅಂಕಿಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಹಿಡಿದಿಡುತ್ತೇವೆ. ಹೇಳಲು ಹೊತ್ತು ಹಿಡಿದಷ್ಟೂ ಹಿಂದಿನದು ಜಾರುತ್ತದೆ. ಎರಡೂ ಭಾಷೆ ಬಲ್ಲ ಅದೇ ಜನ ಇಂಗ್ಲಿಷಿನಲ್ಲಿ ಜಾಸ್ತಿ ಅಂಕಿ ನೆನಪಿಟ್ಟರು. ಮಕ್ಕಳಲ್ಲಿ ಕೊರತೆ ಇರಲಿಲ್ಲ.

ಗೆಳತಿ ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಊಟ ಬಿಟ್ಟು ಎಣಿಸುತ್ತಾ ಕೂತಳು. ಒನ್, ಟೂ, ತ್ರೀ, ಫೋರ್. ಎಲ್ಲ ಒಂದೇ ಉಸಿರು. ಒಂಬತ್ತರವರೆಗೆ ಸೆವೆನ್ ಒಂದೇ ಸ್ವಲ್ಪ ಉದ್ದ. ನಮ್ಮ ಒಂದು, ಎರಡು, ಮೂರು, ನಾಲ್ಕು? ಯಾವುದೂ ಎರಡು ಅಕ್ಷರಕ್ಕೆ ಕಡಿಮೆ ಇಲ್ಲ. 'ಎರಡು', 'ಒಂಬತ್ತು' ಅನ್ನೋದಕ್ಕೆ ಮೂರು ಮೂರು ಅಕ್ಷರ. "ನಮ್ಮೂರ ಸ್ಕೂಲಿನ ಮಕ್ಕಳಿಗೂ ಹೀಗೇ ಆಗುತ್ತಾ ನೋಡಬೇಕು ಕಣೇ" ಅಂದಳು. ಅವಳ ಕಿರು ಸಂಶೋಧನೆ ಅಲ್ಲೇ ಹುಟ್ಟಿತು.

ಕೆಲಸ ಸುಲಭ ಅನ್ನಿಸುತ್ತದೆ, ಅಲ್ವಾ? ಅಂಕಿ ಓದುವುದು, ಮಗು ತಿರುಗಿ ಹೇಳುವುದು. ಆದರೆ ಅದಕ್ಕೆ ಕಟ್ಟುನಿಟ್ಟು ಬಹಳ. ಸೆಕೆಂಡಿಗೆ ಒಂದೇ ಅಂಕಿ ಓದಬೇಕು. ಕೊನೆಯ ಅಂಕಿ ಬಂದಾಗ ದನಿ ಸ್ವಲ್ಪ ಇಳಿಸಬೇಕು, ಆಗ ಮುಗಿಯಿತು ಅಂತ ಮಗುವಿಗೆ ಸುಳಿವು ಸಿಗುತ್ತದೆ. ಮೂರು ಅಂಕಿಯಿಂದ ಶುರು ಮಾಡಿ ಒಂದೊಂದೇ ಏರಿಸಬೇಕು. ಒಂದು ಮೆಟ್ಟಿಲಲ್ಲಿ ಎರಡು ಸಲವೂ ತಪ್ಪಿದರೆ ನಿಲ್ಲಿಸಬೇಕು. ಗೆಳತಿ ಸ್ಟಾಪ್‌ವಾಚ್ ಹಿಡಿದು ಒಂದು ವಾರ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಓದುವುದನ್ನು ಅಭ್ಯಾಸ ಮಾಡಿದಳು. ಅಡುಗೆಯವರು ಇವಳಿಗೆ ಏನಾಯಿತು ಅಂತ ನನ್ನನ್ನು ಕೇಳಿದ್ದರು.

ಜುಲೈ ತಿಂಗಳು, ಪುನರ್ವಸು ಮಳೆ. ಆಯನೂರು, ರಿಪ್ಪನ್‌ಪೇಟೆ ದಾಟಿ ಅವಳ ಊರಿಗೆ ಬಸ್ಸಿನಲ್ಲಿ ಹೋದೆವು. ಉತ್ತರ ಬರೆದುಕೊಳ್ಳಲು ನಾನು ಜೊತೆ. ಹೆಡ್‌ಮಾಸ್ಟರ ಒಪ್ಪಿಗೆ ಮೊದಲೇ ಕೇಳಿದ್ದಳು, ಮಕ್ಕಳ ಮನೆಗೂ ಒಂದೊಂದಾಗಿ ಹೋಗಿ ಹೇಳಿದ್ದಳು. ಮಕ್ಕಳಿಗೆ ದಣಿವಾಗಬಾರದು ಅಂತ ಒಂದು ದಿನ ಇಂಗ್ಲಿಷ್ ಅಂಕಿ, ಮರುದಿನ ಕನ್ನಡ ಅಂಕಿ ಅಂತ ಇಟ್ಟುಕೊಂಡಳು. ಮೊದಲ ದಿನ ಹೊಳವಾಗಿತ್ತು, ಮಳೆ ಬಿಟ್ಟಿತ್ತು. ಎಲ್ಲ ಚೆನ್ನಾಗಿ ನಡೆಯಿತು. ಒಬ್ಬ ಹುಡುಗ ಅಂಕಿಗಳನ್ನು ಮಗ್ಗಿ ಹೇಳುವ ರಾಗದಲ್ಲಿ ಹೇಳಿದ. ಒಬ್ಬಳು ಲಂಗದ ಮರೆಯಲ್ಲಿ ಬೆರಳು ಮಡಚುತ್ತಿದ್ದಳು. ಅದನ್ನೂ ಬರೆದುಕೋ ಅಂದಳು ಗೆಳತಿ.

ಎರಡನೇ ದಿನ ಬೆಳಗ್ಗಿನಿಂದಲೇ ಜಡಿಮಳೆ. ನಮಗೆ ಕೊಟ್ಟಿದ್ದ ಕೋಣೆಗೆ ಹೆಂಚು ಇರಲಿಲ್ಲ, ಶೀಟು. ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅವಳು ದನಿ ಎತ್ತರಿಸಿ ಓದಿದಳು. ಮಕ್ಕಳು ಮುಂದಕ್ಕೆ ಬಾಗಿ ಬಾಗಿ ಕೇಳಿದರು. ಸಂಜೆ ಅವಳ ಮನೆಯ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಕನ್ನಡ ಅಂಕಿಯಲ್ಲಿ ಮಕ್ಕಳು ಹಿಂದೆ. ಚೆನ್ನಾಗಿಯೇ ಹಿಂದೆ. ವೇಲ್ಸಿನಲ್ಲಿ ಆದ ಹಾಗೆಯೇ! ನಾನು ಖುಷಿಯಲ್ಲಿ ಅವಳ ಕೈ ಹಿಡಿದು ಕುಲುಕಿದೆ.

ಅವಳು ಮಾತಾಡಲಿಲ್ಲ. ಮಳೆ ನೋಡುತ್ತಾ ಕೂತಳು. ಆಮೇಲೆ "ಇದು ಕನ್ನಡದ್ದಲ್ಲ, ಮಳೆದು" ಅಂದಳು.

ಆಗ ನಾನು ಹೇಳಿದ ಮಾತು ಇಲ್ಲಿ ಬರೆಯಬೇಕು. "ಬಿಡೇ, ಯಾರಿಗೆ ಗೊತ್ತಾಗುತ್ತೆ? ಮಳೆ ಬಂದಿತ್ತು ಅಂತ ರೆಕಾರ್ಡಿನಲ್ಲಿ ಎಲ್ಲಿ ಬರೆಯುತ್ತಾರೆ?" ಅಂದೆ. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. ಅವಳಿಗೆ ಒಳ್ಳೆಯದಾಗಲಿ ಅಂತಲೇ ಹೇಳಿದೆ. ಆದರೆ ಆ ಮಾತು ತಪ್ಪು ಅಂತ ನನಗೆ ಆಗಲೂ ಗೊತ್ತಿತ್ತು. ಅವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ರೆಕಾರ್ಡ್ ತೆಗೆದು ಆ ದಿನದ ಕೋಷ್ಟಕಕ್ಕೆ ಅಡ್ಡಗೆರೆ ಎಳೆದು ಬದಿಯಲ್ಲಿ ಒಂದು ಪದ ಬರೆದಳು, ಅಷ್ಟೇ.

ಮತ್ತೆ ಮಾಡುವುದು ಸಲೀಸಾಗಿರಲಿಲ್ಲ. ಆಗಸ್ಟಿನಲ್ಲಿ ಒಂದು ಸಲ ಹೋದರೆ ಮಳೆಗೆ ಶಾಲೆಗೇ ರಜೆ ಕೊಟ್ಟಿದ್ದರು. ಅವಳ ತೋಟಕ್ಕೆ ಕೊಳೆ ರೋಗ ಬಂದಿತ್ತು. ಹೊಳವು ನೋಡಿ ಬೋರ್ಡೋ ಔಷಧಿ ಹೊಡೆಸಲು ಮನೆಯವರು ಒದ್ದಾಡುತ್ತಿದ್ದರು, ಅವಳೂ ಅಲ್ಲಿ ನಿಲ್ಲಬೇಕಾಯಿತು. ಕೊನೆಗೆ ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಹೋದಳು. ಈ ಸಲ ಮೇಡಂ ಹತ್ತಿರ ಕೇಳಿ ಕ್ರಮ ಬದಲಿಸಿದ್ದಳು. ಅರ್ಧ ಮಕ್ಕಳಿಗೆ ಮೊದಲು ಕನ್ನಡ, ಅರ್ಧ ಮಕ್ಕಳಿಗೆ ಮೊದಲು ಇಂಗ್ಲಿಷ್, ಒಂದೇ ದಿನ, ಒಂದೇ ಕೋಣೆ, ನಡುವೆ ಆಟಕ್ಕೆ ಬಿಡುವು. ಈಗ ಬಂದ ವ್ಯತ್ಯಾಸ ಬಹಳ ಸಣ್ಣದು. ಇದೆ ಅಂತ ಹೇಳಲು ಧೈರ್ಯ ಸಾಲದು, ಇಲ್ಲ ಅನ್ನಲು ಮಕ್ಕಳ ಸಂಖ್ಯೆ ಸಾಲದು. ಅವಳು ಅದನ್ನೇ ಬರೆದಳು. ಇನ್ನೂ ಒಂದು ಮಾತು ಸೇರಿಸಿದಳು: ಈ ಮಕ್ಕಳು ಕನ್ನಡದಲ್ಲೇ ಲೆಕ್ಕ ಮಾಡಿದರೂ ಫೋನ್ ನಂಬರ್ ಮಾತ್ರ ಇಂಗ್ಲಿಷಿನಲ್ಲೇ ಕೇಳಿ ಬೆಳೆದವರು, ಹಾಗಾಗಿ ಯಾವುದು ಅಭ್ಯಾಸದ್ದು, ಯಾವುದು ಉದ್ದದ್ದು ಅಂತ ಬೇರೆ ಮಾಡಿ ನೋಡಬೇಕು. ನಮ್ಮ ಶಿವಮೊಗ್ಗದ ಕೋಡ್ ಯಾರಾದರೂ ಸೊನ್ನೆ ಎಂಟು ಒಂದು ಎಂಟು ಎರಡು ಅಂದದ್ದು ಕೇಳಿದ್ದೀರಾ?

ವರದಿ ತಡವಾಯಿತು. ನಿಯಮದ ಪ್ರಕಾರ ಮೇಡಂ ಎರಡು ಇಂಟರ್ನಲ್ ಅಂಕ ಕಳೆದರು. ವರ್ಷದ ಕೊನೆಗೆ ನಾನು ಅವಳಿಗಿಂತ ಒಂದೇ ಅಂಕ ಮುಂದಿದ್ದೆ.

ವಾರ್ಷಿಕೋತ್ಸವದ ದಿನ ನನಗೆ ಒಂದು ನಿಘಂಟು, ಒಂದು ಪ್ರಮಾಣಪತ್ರ ಕೊಟ್ಟರು. 'ಅತ್ಯುತ್ತಮ ಸಾಧನೆಗಾಗಿ' ಅಂತ ಅಚ್ಚಾಗಿತ್ತು. ಎಲ್ಲ ವಿಭಾಗದವರಿಗೂ ಅದೇ ಅಚ್ಚು, ಹೆಸರು ಮಾತ್ರ ಬೇರೆ. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದಾರೆ, ನನಗೂ ಅದರ ಮೇಲೆ ಪ್ರೀತಿ ಇದೆ. ಗೆಳತಿಗೆ ಮೇಡಂ ಕೊಟ್ಟದ್ದು ನೆಹರು ರಸ್ತೆಯ ಅಂಗಡಿಯಲ್ಲಿ ಕೊಂಡ ಹೊಸ ಸ್ಟಾಪ್‌ವಾಚ್, ಜೊತೆಗೆ ಗೆರೆ ಹಾಕಿದ ಹಾಳೆಯಲ್ಲಿ ಕೈಬರಹದ ಒಂದು ಪತ್ರ. ವೇದಿಕೆ ಮೇಲೆ ಅದನ್ನು ಅವರೇ ಓದಿದರು. ಶುರು ಹೀಗಿತ್ತು:

"ನಿನ್ನ ರೆಕಾರ್ಡಿನ 14ನೇ ಪುಟದಲ್ಲಿ ಒಂದು ಕೋಷ್ಟಕಕ್ಕೆ ಅಡ್ಡಗೆರೆ ಎಳೆದು ಬದಿಯಲ್ಲಿ 'ಮಳೆ' ಅಂತ ಬರೆದಿದ್ದೀಯ. ಅಳಿಸಿಲ್ಲ. ಹಾಳೆ ಹರಿದಿಲ್ಲ. ಗೆರೆಯ ಕೆಳಗಿನ ಅಂಕಿಗಳು ಇನ್ನೂ ಓದಲು ಬರುತ್ತವೆ. ಈ ಬಹುಮಾನ ಆ ಪುಟಕ್ಕೆ."

ಸಭೆಯಲ್ಲಿ ಕೂತಿದ್ದ ಬೇರೆ ವಿಭಾಗದವರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಅವಳ ಅಪ್ಪ ಊರಿಂದ ಬಂದಿದ್ದರು. ಕೊನೆಯ ಸಾಲಿನಲ್ಲಿ ನಿಂತಿದ್ದರು. ಮಳೆ ಅನ್ನೋ ಪದ ಕೇಳಿ ಅವರು ನನ್ನ ಕಡೆ ತಿರುಗಿ "ಏನಂತಮ್ಮ, ಮಳೆಗೆ ಬಹುಮಾನನಾ?" ಅಂದರು. ಅಲ್ಲೇ ನಿಂತು ಪಿಸುದನಿಯಲ್ಲಿ ಇಡೀ ಕಥೆ ಹೇಳಿದೆ. ಜಗಲಿಯಲ್ಲಿ ನಾನು ಆಡಿದ ಮಾತನ್ನೂ ಹೇಳಿದೆ. ಅವರು ತಲೆಯಾಡಿಸಿ, "ಅವಳು ಸಣ್ಣೋಳಿದ್ದಾಗಿಂದ್ಲೂ ಹಾಗೇಯ" ಅಂದರು.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ದತ್ತಿ ಬಹುಮಾನ ಇಡಬೇಕು ಅಂತ ಮಾತಾಗಿದೆ. ಹಣ ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಪ್ರತಿ ವರ್ಷ ಕೊಡುವುದು. ಯಾರಿಗೆ ಕೊಡಬೇಕು ಅನ್ನೋದಕ್ಕೆ ಚರ್ಚೆ ನಡೆದಿದೆ. ಅಂಕಪಟ್ಟಿ ನೋಡಿ ಕೊಟ್ಟರೆ ತಕರಾರು ಇರುವುದಿಲ್ಲ ಅಂತ ಹಲವರ ಮಾತು. ಅದು ಸರಿಯೇ. ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮನೆಯ ಮಗುವಿಗೆ ಅಂಕದ ಬಹುಮಾನ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅದು ಇರಲಿ. ಆದರೆ ಸಂಶೋಧನೆಗೆ ಬೇರೆಯೇ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳ 'ಸೈ ಕೈ' ಅನ್ನೋ ಗೌರವ ಸಂಘ 1929ರಷ್ಟು ಹಿಂದೆಯೇ ಶುರುವಾಯಿತು. ಈಗ ಅದು ಪದವಿ ಮಕ್ಕಳ ಸಂಶೋಧನೆಗೇ ಬೇರೆ ಬಹುಮಾನ ಕೊಡುತ್ತದೆ. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಕಾಗಿಲ್ಲ. ರೆಕಾರ್ಡುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಇಬ್ಬರು ಬೇಕು. ಯಾವ ಪುಟಕ್ಕೆ ಬಹುಮಾನ ಅಂತ ಕೈಯಾರೆ ಬರೆದು ಕೊಡಬೇಕು. ಓದಲು ನಾನು ಬರುತ್ತೇನೆ, ಬಸ್ ಚಾರ್ಜೂ ಬೇಡ.

ಈ ಬರಹಕ್ಕಾಗಿ ಮೊನ್ನೆ ಗೆಳತಿಗೆ ಫೋನ್ ಮಾಡಿ ಆ ಪತ್ರದ ಫೋಟೋ ಕಳಿಸು ಅಂದೆ. ಅವಳು ಈಗ ಮಲೆನಾಡಿನಲ್ಲೇ ಒಂದು ಶಾಲೆಯಲ್ಲಿ ಟೀಚರ್. ಫೋಟೋ ಬಂತು. ಹಾಳೆ ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ. ವೇದಿಕೆಯಲ್ಲಿ ಮೇಡಂ ಓದದೇ ಬಿಟ್ಟ ಒಂದು ಸಾಲು ಕೊನೆಗೆ ಇತ್ತು. ನಾನು ಅದನ್ನು ನೋಡಿದ್ದು ಇದೇ ಮೊದಲು.

"ಅಡ್ಡಗೆರೆ ಎಳೆದ ಅಂಕಿಗಳನ್ನು ಎಸೆಯಬೇಡ. ಅವು ಬೇರೆ ಪ್ರಶ್ನೆಗೆ ಉತ್ತರ."

ಮತ್ತೆ ಫೋನ್ ಮಾಡಿ, ಆ ಬೇರೆ ಪ್ರಶ್ನೆ ಏನಾಯಿತೇ ಅಂತ ಕೇಳಿದೆ. ಅವಳ ಶಾಲೆಯಲ್ಲೂ ಒಂದು ಕೋಣೆಗೆ ಶೀಟೇ ಇದೆಯಂತೆ. ಮಳೆ ಜೋರಾದರೆ ಬಾಯಿಲೆಕ್ಕ, ಉಕ್ತಲೇಖನ ಎರಡನ್ನೂ ಅಲ್ಲಿಗೆ ನಿಲ್ಲಿಸುತ್ತಾಳಂತೆ. ಹಿಂದಿನ ಸಾಲಿನ ಮಕ್ಕಳನ್ನು ಮುಂದೆ ಕರೆದು ಕೂರಿಸಿ, ಹೇಳಬೇಕಾದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಾಳಂತೆ. ಯಾವ ದಿನ ಎಷ್ಟು ಹೊತ್ತು ಹಾಗೆ ಬರೆಯಬೇಕಾಯಿತು ಅಂತ ಆ ಸ್ಟಾಪ್‌ವಾಚಿನಲ್ಲಿ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾಳೆ. ಈ ಮಳೆಗಾಲ ಮುಗಿದ ಮೇಲೆ ಬಾ, ಕೂತು ಲೆಕ್ಕ ಹಾಕೋಣ ಅಂದಿದ್ದಾಳೆ.