ಬಿಲ್ಲಿನ ಮೇಲಿದ್ದ ಸಮಯ

ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಹದಿನೆಂಟು ವರ್ಷದಿಂದ ಕೂರುತ್ತಿದ್ದೇನೆ. ನಮ್ಮ ದೋಸೆ ಭಟ್ರು ನನಗಿಂತಲೂ ಹಳಬರು, ಕುಂದಾಪುರದ ಕಡೆಯವರು. ಕಾವಲಿ ಮುಂದೆ ನಿಂತರೆ ಹನ್ನೊಂದು ಗಂಟೆಯವರೆಗೆ ಕೂತವರಲ್ಲ.

ಕಳೆದ ವರ್ಷ ಒಂದು ಭಾನುವಾರ ಬೆಳಗ್ಗೆ, ಜನ ಜಾಸ್ತಿ ಇದ್ದ ಹೊತ್ತಿನಲ್ಲಿ, ಅವರ ಕೈಯಿಂದ ಸಟ್ಟುಗ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. "ಎಂತ ಆಯ್ತು ಭಟ್ರೇ?" ಎಂದರೆ ಮಾತು ತೊದಲಿತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮುಖ, ಕೈ, ಮಾತು ಮೂರೂ ಕಣ್ಣೆದುರೇ ಕೆಟ್ಟಿದ್ದವು. ಆದರೂ ನಾನು ಹೇಳಿದ್ದು, "ಗ್ಯಾಸ್ ಇರ್ಬೇಕು, ಒಂದು ಸೋಡಾ ಕೊಡಿ."

ಸೋಡಾ ಗಂಟಲಲ್ಲಿ ಇಳಿಯಲಿಲ್ಲ, ಕೆಮ್ಮಿದರು. ಲಕ್ವ ಹೊಡೆದವರಿಗೆ ನುಂಗಲು ಬರದೆ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗಬಹುದು, ನೀರನ್ನೂ ಕೊಡಬಾರದು ಎಂಬುದು ನನಗೆ ಗೊತ್ತಾಗಿದ್ದು ಆಮೇಲೆ. ಮೇಲಿನ ರೂಮಿನಲ್ಲಿ ಮಲಗಿಸಿದೆವು. ಒಂದೂವರೆ ಗಂಟೆ ಬಿಟ್ಟು ನೋಡಿದರೆ ಬಲಗೈ ಏಳುತ್ತಲೇ ಇಲ್ಲ. ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಅಲ್ಲಿ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಸಲೈನ್ ಹಾಕಿದರು, ಕಾಯಿಸಿದರು, ಕೊನೆಗೆ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಇವರು ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ?" ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಸಟ್ಟುಗ ಬೀಳುವ ಮೊದಲು "ಎರಡು ಮೈಸೂರು ಮಸಾಲ ರೆಡಿ" ಎಂದು ಭಟ್ರು ಕೂಗಿದ್ದು ನೆನಪಾಯಿತು. ಹೋಟೆಲಿಗೆ ಫೋನ್ ಮಾಡಿ ಆ ಬಿಲ್ ಹುಡುಕಿಸಿದೆ. 7:52. ಆಸ್ಪತ್ರೆಯ ಗಡಿಯಾರದಲ್ಲಿ 12:40.

ಹೆಪ್ಪುಗಟ್ಟಿದ ರಕ್ತ ಮಿದುಳಿನ ನಾಳವನ್ನು ಅಡ್ಡಗಟ್ಟಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಮಿದುಳು ಉಳಿಯುತ್ತದೆ. ನಾಳ ಒಡೆದು ರಕ್ತ ಸೋರುತ್ತಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಮುಳುವು. ಯಾವುದೆಂದು ಹೊರಗಿನಿಂದ ನೋಡಿ ಹೇಳಲಾಗದು, ಅದಕ್ಕೇ ಮೊದಲು ಸಿ.ಟಿ. ಬೇಕು. ಮನೆಯಲ್ಲೇ ಆಸ್ಪಿರಿನ್ ಕೊಡಬಾರದು ಎನ್ನುವುದೂ ಅದಕ್ಕೇ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಕೆಲವರಿಗೆ 24 ಗಂಟೆಯೊಳಗೂ ಒಳಗಿನಿಂದ ಹೆಪ್ಪು ಎಳೆದು ತೆಗೆಯಬಹುದಂತೆ. ಭಟ್ರದು ಸಣ್ಣ ನಾಳ. ನಾವು ಹದಿನೆಂಟು ನಿಮಿಷ ತಡ.

ಭಟ್ರು ಬದುಕಿದರು. ಮಾತು ಬಹುಪಾಲು ಬಂದಿದೆ. ಬಲಗೈಗೆ ಸಟ್ಟುಗ ಹಿಡಿಯುವ ಬಲ ಬಂದಿಲ್ಲ. ಈಗ ನನ್ನ ಪಕ್ಕ ಕೂತು ಎಡಗೈಯಲ್ಲಿ ಟೋಕನ್ ಹರಿದು ಕೊಡುತ್ತಾರೆ. ಆ ಸೋಡಾದ ಮಾತು ಅವರು ಒಂದು ಸಲವೂ ಎತ್ತಿಲ್ಲ. ನನಗೆ ಮಾತ್ರ ದಿನಾ ನೆನಪಾಗುತ್ತದೆ.

ಆಮೇಲೆ ತಿಳಿಯಿತು, ಅವರು ಮೂರು ತಿಂಗಳಿಂದ ಬಿ.ಪಿ. ಮಾತ್ರೆ ಬಿಟ್ಟಿದ್ದರು. "ತಲೆನೋವೇ ಇರ್ಲಿಲ್ಲ, ಸುಮ್ನೆ ಯಾಕೆ ಅಂತ." ಬಿ.ಪಿ. ಏರಿದರೆ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ. ಲಕ್ವಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇರೊಂದಿಲ್ಲ.

ಈಗ ಅಡುಗೆಮನೆಯ ಗೋಡೆಯಲ್ಲಿ 108 ಎಂದು ದೊಡ್ಡದಾಗಿ ಬರೆದಿದ್ದೇವೆ. ಅದರ ಕೆಳಗೆ, ಹಗಲೂ ರಾತ್ರಿ ಸಿ.ಟಿ. ಇದ್ದು ಆ ಇಂಜೆಕ್ಷನ್ನೂ ಕೊಡುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ಅದರ ನಂಬರ್. ಗಲ್ಲಾದ ಡ್ರಾಯರಿನಲ್ಲಿ ಬಿ.ಪಿ. ಮಷೀನ್. ಪ್ರತಿ ಸೋಮವಾರ ಮಧ್ಯಾಹ್ನ ರಶ್ ಇಳಿದ ಮೇಲೆ ಎಲ್ಲರದೂ ನೋಡುತ್ತೇವೆ. ಮೊದಲ ವಾರವೇ ಇಬ್ಬರದು ಏರಿತ್ತು, ಒಬ್ಬನಿಗೆ ಬರೀ 31 ವಯಸ್ಸು. ಇಬ್ಬರನ್ನೂ ಮುನಿಸಿಪಾಲಿಟಿಯ ದವಾಖಾನೆಗೆ ಕಳಿಸಿದೆ. ಬೆಳಗ್ಗೆ ಚಹಾ ಕೊಡುವಾಗ ಭಟ್ರು ಅವರಿಬ್ಬರನ್ನೂ ತಪ್ಪದೆ ಕೇಳುತ್ತಾರೆ, "ಮಾತ್ರೆ ಆಯ್ತಾ ಮಾಣಿ?"