ಆ ‘ನ’ ಎಲ್ಲಿ ಬಿತ್ತು?

ಮಕ್ಕಳ ಇಂಗ್ಲಿಷ್ ಪಾಠಗಳಿಗೆ ಪದಗಳ ಹಿನ್ನೆಲೆ ಬರೆದುಕೊಡುವುದು ನನ್ನ ಕೆಲಸ. ಒಂದು ಪದಕ್ಕೆ ಎಂಟೇ ಸಾಲು. ‘ಆರೆಂಜ್’ ಸರದಿ ಬಂದಾಗ ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿದೆ. ಸಂಸ್ಕೃತದ ನಾರಂಗ, ಪರ್ಷಿಯನ್‌ನ ನಾರಂಗ್, ಅರಬ್ಬಿಯ ನಾರಂಜ್, ಅಲ್ಲಿಂದ ಯುರೋಪು. ಕೊನೆಗೆ ಇಂಗ್ಲಿಷರು ‘ಎ ನಾರೆಂಜ್’ ಅನ್ನುತ್ತಾ ಅನ್ನುತ್ತಾ ‘ಆನ್ ಆರೆಂಜ್’ ಮಾಡಿಕೊಂಡರು ಅಂತ ಮುಗಿಸಿದ್ದೆ. ಚೆಂದ ಕೂತಿತ್ತು.

ಮರುದಿನ ಹಾಳೆ ವಾಪಸ್ ಬಂತು. ಕೊನೆಯ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದೇ ಮಾತು: “ಇಂಗ್ಲಿಷಿನಲ್ಲಿ ನಾರೆಂಜ್ ಅಂತ ಎಲ್ಲಿದೆ, ತೋರಿಸಿ.”

ತೋರಿಸಲು ಆಗಲಿಲ್ಲ. ನಿಘಂಟು ತೆಗೆದರೆ ಹಳೆಯ ಫ್ರೆಂಚಿನಲ್ಲೇ ಅದು ‘ಒರೆಂಜ್’. ಇಟಾಲಿಯನ್ನಿನಲ್ಲಿ ‘ಊನಾ ನರಾಂಚಾ’ ಅನ್ನುವಾಗ ಎರಡು ‘ನ’ ಅಂಟಿಕೊಂಡು ‘ಉನ್ ಅರಾಂಚಾ’ ಆಗಿತ್ತು. ಫ್ರೆಂಚರಿಗೆ ‘ಓರ್’ ಅಂದರೆ ಚಿನ್ನ. ಹೊಂಬಣ್ಣದ ಹಣ್ಣು ನೋಡಿ ಆ ಪದ ‘ಓ’ ಕಡೆಗೆ ವಾಲಿತು. ಇಂಗ್ಲಿಷಿಗೆ ಬರುವ ಹೊತ್ತಿಗೆ ‘ನ’ ಉದುರಿ ಎಷ್ಟೋ ಕಾಲವಾಗಿತ್ತು. ಸ್ಪ್ಯಾನಿಷ್‌ನವರು ಮಾತ್ರ ಇವತ್ತಿಗೂ ‘ನರಾಂಹ’ ಅಂತಲೇ ಅನ್ನುತ್ತಾರೆ.

ನನ್ನನ್ನು ದಾರಿ ತಪ್ಪಿಸಿದ್ದು ‘ಏಪ್ರನ್’. ಅದು ನಿಜಕ್ಕೂ ‘ನೇಪ್ರನ್’ ಆಗಿತ್ತು, ನ್ಯಾಪ್ಕಿನ್‌ನ ನೆಂಟ. ‘ಅಂಪೈರ್’ ಕೂಡ ಹಾಗೇ ‘ನ’ ಕಳೆದುಕೊಂಡದ್ದು. ಎರಡೂ ಇಂಗ್ಲಿಷಿನೊಳಗೇ ಆದದ್ದು. ಅದೇ ಅಚ್ಚಿನಲ್ಲಿ ನಾನು ಆರೆಂಜನ್ನೂ ಸುಮ್ನೆ ಒತ್ತಿಬಿಟ್ಟೆ.

ಈಗ ಬರೆಯುವ ಮೊದಲು ಒಂದು ಕೋಷ್ಟಕ ಹಾಕುತ್ತೇನೆ. ಪ್ರತಿ ಭಾಷೆಯ ಎದುರು ಆಗಿನ ರೂಪ, ಬರವಣಿಗೆಯಲ್ಲಿ ಸಿಕ್ಕ ರೂಪ ಮಾತ್ರ. ಅಕ್ಷರ ಯಾವ ಮನೆಯಲ್ಲಿ ಕಾಣೆಯಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಪದಕ್ಕೆ ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಮ್ಯಾನೇಜರ್ ಗೊಣಗುತ್ತಾರೆ. ಗೊಣಗಲಿ.

ಕೋಷ್ಟಕ ಹಾಕಿದಾಗ ಇನ್ನೊಂದು ಕೊರತೆ ಸಿಕ್ಕಿತು. ಮೊದಲ ಮನೆಯಲ್ಲಿ ಸಂಸ್ಕೃತ ಬರೆದಿದ್ದೆ. ಆದರೆ ಈ ಪದ ಸಂಸ್ಕೃತಕ್ಕೇ ದ್ರಾವಿಡ ನುಡಿಗಳಿಂದ ಹೋಗಿದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಪಕ್ಕದ ಮೇಜಿನ ಮಲಯಾಳಿ ಗೆಳತಿ ದಿನಾ ಕ್ಯಾಂಟೀನಿನಲ್ಲಿ ‘ನಾರಂಗಾ ವೆಳ್ಳಂ’ ಕೇಳುತ್ತಾಳೆ, ಅಂದರೆ ನಿಂಬೆ ಶರಬತ್ತು. ತಮಿಳರ ನಾರ್ತಂಗಾಯಿ ಉಪ್ಪಿನಕಾಯಿ ನಾನೇ ಚಪ್ಪರಿಸಿದ್ದೇನೆ. ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ, ನಮ್ಮದು ಕಿತ್ತಳೆ ಅಲ್ವಾ!

ಇದಕ್ಕೆಲ್ಲ ಎಂಟು ಸಾಲು ಸಾಲದು. ಒಂಬತ್ತನೆಯದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.