60 ಹರ್ಟ್ಸ್‌ನ ಸುಳ್ಳುಸಾಕ್ಷಿ

"ಬ್ಲೂಸನ್ನು ಸಲೀಸಾದ ಬಿ ಫ್ಲ್ಯಾಟ್ ಬಿಟ್ಟು ಡಿ ಫ್ಲ್ಯಾಟ್‌ನಲ್ಲಿ ಎತ್ತಿಕೊಂಡ ಬ್ಯಾಂಡಿನ ಧೈರ್ಯ ದೊಡ್ಡದು." ಲೈನರ್ ನೋಟ್ಸ್‌ನ (ಆಲ್ಬಮ್ಮಿನ ಜೊತೆ ಬರುವ ಟಿಪ್ಪಣಿಯ) ಕರಡಿನಲ್ಲಿದ್ದ ಈ ವಾಕ್ಯ ನನ್ನದೇ. ಡಿ ಫ್ಲ್ಯಾಟ್ ಶ್ರುತಿ ಬಂದದ್ದು ಬ್ಯಾಂಡಿನಿಂದಲ್ಲ, ರೆಕಾರ್ಡರಿನ ಮೋಟಾರಿನಿಂದ ಎಂದು ಗೊತ್ತಾಗುವಷ್ಟರಲ್ಲಿ 11 ರೀಲುಗಳ ಫೈಲು ಸರ್ವರ್ ಸೇರಿಯಾಗಿತ್ತು.

ಅರವತ್ತರ ದಶಕದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಜಾಝ್ ತಂಡವೊಂದನ್ನು ಹವ್ಯಾಸಿಯೊಬ್ಬರು ರೆಕಾರ್ಡ್ ಮಾಡಿದ ಕಾಲಿಂಚಿನ ಟೇಪುಗಳು. ಡಬ್ಬಿಯ ಮೇಲೆ "7½ ಐಪಿಎಸ್, ಫುಲ್ ಟ್ರ್ಯಾಕ್": ಸೆಕೆಂಡಿಗೆ ಏಳೂವರೆ ಇಂಚು ವೇಗ, ಟೇಪಿನ ಪೂರ್ತಿ ಅಗಲಕ್ಕೆ ಒಂದೇ ಟ್ರ್ಯಾಕ್. ಅಜಿಮತ್ (ಟೇಪಿಗೆ ಹೆಡ್ ನಿಲ್ಲುವ ಕೋನ) ಕೂರಿಸಿ 96 ಕಿಲೋಹರ್ಟ್ಸ್, 24 ಬಿಟ್‌ನ ಡಿಜಿಟಲ್ ಫೈಲಿಗೆ ಇಳಿಸಿದ್ದಾಯಿತು. ವೇಗ ಸರಿಯಿದೆಯೇ ಎಂದು ಸ್ಪೆಕ್ಟ್ರಮ್‌ನಲ್ಲಿ ಹಮ್ (ಕರೆಂಟಿನಿಂದ ರೆಕಾರ್ಡಿಂಗಿಗೆ ಸೇರುವ ಗುಂಯ್ ಸದ್ದು) ನೋಡಿದರೆ ಕರಾರುವಾಕ್ಕಾಗಿ 60 ಹರ್ಟ್ಸ್. ಅಮೆರಿಕದ ಟೇಪುಗಳಿಗೆ ದಿನಾ ಹಾಕುವ ಟಿಕ್ ಇದಕ್ಕೂ ಬಿತ್ತು.

ಅಮೆರಿಕದ ಕರೆಂಟು 60 ಹರ್ಟ್ಸ್, ಭಾರತದ್ದು 50. ಅಲ್ಲಿ ಮಾಡಿದ ಟೇಪಿನಲ್ಲಿ 60 ಕಂಡರೆ ಕೈ ನಿಲ್ಲಬೇಕಿತ್ತು. ಆಗಿದ್ದಿಷ್ಟು: ಸಿಂಕ್ರೊನಸ್ ಮೋಟಾರಿನ (ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ಅಮೆರಿಕನ್ ಡೆಕ್ಕನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದ್ದಾರೆ. ಅದು ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಮೋಟಾರು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿದು ಟೇಪು 6.25 ಐಪಿಎಸ್‌ನಲ್ಲಿ ಓಡಿದೆ. ನಾವು ಅದನ್ನು 7½ರಲ್ಲಿ ನುಡಿಸಿದಾಗ ಎಲ್ಲವೂ 1.2 ಪಟ್ಟು. 50ರ ಹಮ್ 60 ಆಯಿತು, ಬಿ ಫ್ಲ್ಯಾಟ್ ಡಿ ಫ್ಲ್ಯಾಟ್ ಆಯಿತು, ಎಫ್ ಹೋಗಿ ಎ ಫ್ಲ್ಯಾಟ್. ತಪ್ಪೇ ತನ್ನ ಪರ ಸಾಕ್ಷಿ ಹೇಳಿತು. ಮಾತು ಇದ್ದಿದ್ದರೆ ಕೀಚಲು ದನಿಯಲ್ಲೇ ಗೊತ್ತಾಗುತ್ತಿತ್ತು. ಟೇಪು ಉಳಿಸಲು ಪುಣ್ಯಾತ್ಮರು ಪ್ರತಿ ಅನೌನ್ಸ್‌ಮೆಂಟಿಗೂ ಮೆಷಿನ್ ನಿಲ್ಲಿಸಿದ್ದರು.

ಸೈನ್‌ಆಫ್ (ಅಂತಿಮ ಒಪ್ಪಿಗೆಯ) ದಿನ ಬೇಸ್ ನುಡಿಸುವ ಸಹೋದ್ಯೋಗಿ ಹೆಡ್‌ಫೋನ್ ಹಾಕಿಕೊಂಡು ಕೂತರು. ಎರಡು ಟ್ರ್ಯಾಕ್ ಮುಗಿದರೂ ಮಾತಿಲ್ಲ. ಆಮೇಲೆ, "ಇವನ ಬೇಸಿಗೆ ಇ ತಂತಿ ಇಲ್ವಾ?" ಬೇಸಿನ ಅತಿ ತಗ್ಗಿನ ತಂತಿ ಅದು; ಖಾಲಿ ಇ ತಂತಿ 41.2 ಹರ್ಟ್ಸ್, ನಮ್ಮ ಫೈಲಿನಲ್ಲಿ 49ಕ್ಕಿಂತ ಕೆಳಗೆ ಒಂದೂ ಸ್ವರವಿಲ್ಲ. ಮೈಕು ಕೆಳಗಿನ ಸ್ವರ ಹಿಡಿದಿಲ್ಲ ಎಂದು ನಾನು ವಾದಿಸಿದೆ. ಅದೂ ಸಾಲದೆಂಬಂತೆ ಬ್ಲೂಸಿನ ಧೈರ್ಯದ ಬಗ್ಗೆ ಬರೆದದ್ದನ್ನು ಓದಿ ಹೇಳಿದೆ. ಅವರು ಉತ್ತರ ಕೊಡದೆ ಪ್ಲೇಬ್ಯಾಕನ್ನು 0.833 ಪಟ್ಟು ವೇಗಕ್ಕೆ ಇಳಿಸಿದರು. ನಾನು "ಗುರುತು ಸಿಗದ ಆಲ್ಟೋ" ಎಂದು ಕ್ಯಾಟಲಾಗ್ ಮಾಡಿದ್ದ ಸ್ಯಾಕ್ಸೋಫೋನು ಅದಕ್ಕಿಂತ ತಗ್ಗಿನ, ಎಲ್ಲರೂ ಬಲ್ಲ ಟೆನರ್ ಆಗಿ ನುಡಿಯಿತು. ಕೋಣೆಯಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿಗೆ ಆದದ್ದೂ ಇದೇ ಜಾತಿಯ ಎಡವಟ್ಟು. 1959ರ ಮಾರ್ಚ್ 2ರಂದು ಮಾಸ್ಟರ್ ಮೆಷಿನ್ ನಿಧಾನವಾಗಿ ಓಡಿ, ಮೊದಲ ಬದಿಯ ಮೂರೂ ಹಾಡುಗಳು ಎಲ್‌ಪಿಯಲ್ಲಿ ತುಸು ಏರಿದ ಶ್ರುತಿಯಲ್ಲೇ ಉಳಿದವು. ಸರಿಯಾದದ್ದು 1992ರಲ್ಲಿ, ಬ್ಯಾಕಪ್ ಟೇಪಿನಿಂದ. ಆದರೆ ಅಲ್ಲಿನ ವ್ಯತ್ಯಾಸ ಒಂದು ಸೆಮಿಟೋನ್‌ಗಿಂತಲೂ (ಅರ್ಧ ಸ್ವರಕ್ಕಿಂತಲೂ) ಕಡಿಮೆ. ನಮ್ಮದು ಮೂರು ಸೆಮಿಟೋನ್, ಸಮಾಧಾನಕ್ಕೂ ಆಗುವುದಿಲ್ಲ.

ಫೈಲಿನ ಹೆಡರಿನಲ್ಲಿ 96ನ್ನು 80 ಕಿಲೋಹರ್ಟ್ಸ್ ಮಾಡಿದರೆ ಶ್ರುತಿ ಸರಿಹೋಗುತ್ತದೆ, ಐದು ನಿಮಿಷದ ಕೆಲಸ. ಮ್ಯಾನೇಜರಿಗೆ ಬೇಕಿದ್ದದ್ದೂ ಅದೇ. ಆದರೆ ನ್ಯಾಬ್ ಈಕ್ಯೂ (ಟೇಪು ನುಡಿಸುವಾಗ ಟ್ರೆಬಲ್, ಬೇಸ್ ಸರಿದೂಗಿಸುವ ಪ್ರಮಾಣಿತ ತಿದ್ದುಪಡಿ) ಹತ್ತಿದ್ದು ತಪ್ಪು ವೇಗದಲ್ಲಿ. ಅದು ಹಾಗೇ ಉಳಿದು ಟ್ರೆಬಲ್ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಡೆಕ್ಕಿನ ವೇಗ ಬದಲಿಸುವ ವೇರಿಸ್ಪೀಡನ್ನು ಶೇ. 16.7 ಇಳಿಸಿ, ಹಮ್ 50ಕ್ಕೆ ಬಂದದ್ದನ್ನೂ ಬೇಸಿನ ತಳಸ್ವರವನ್ನೂ ನೋಡಿಕೊಂಡು ಹನ್ನೊಂದನ್ನೂ ಮತ್ತೆ ಇಳಿಸಿದೆವು.

ಕ್ಯೂಸಿ (ಗುಣಮಟ್ಟ ತಪಾಸಣೆಯ) ಶೀಟಿನಲ್ಲಿ "ರೆಕಾರ್ಡಿಂಗ್ ಆದ ಊರು, ಅಲ್ಲಿನ ಮೇನ್ಸ್" ಎಂಬ ಕಾಲಂ ಬೇಕೆಂದು ಎರಡು ಸಲ ಕೇಳಿದ್ದೇವೆ. ಈ ತಿಂಗಳ ಹೊಸ ಶೀಟು ಬಂದಿದೆ: ಹಮ್ ಚೆಕ್ ಹೌದು/ಇಲ್ಲ ಹಾಗೇ ಇದೆ, ಪಕ್ಕದಲ್ಲಿ ಎರಡನೇ ಸಹಿಗೆ ಜಾಗ.